ಸ್ಟೀಲ್ ತಟ್ಟೆಗೆ ಅಂಟಿದ ಚಟ್ನಿ - ಮಾಡ್-ಪರ್ಲ್ ಕಾಲದ ಒಂದು ಕಥೆ

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಬರೆಯಬೇಕು, ಬರೆಯಬೇಕು ಅಂದುಕೊಳ್ಳುತ್ತಲೇ ತಿಂಗಳುಗಳು ಉರುಳಿ ಹೋದವು. ಹೋದ ವಾರ ರಾತ್ರಿ ಹತ್ತೂವರೆಗೆ ಬಂದ ಒಂದು ಫೋನು ನನ್ನನ್ನು ಮತ್ತೆ ಕೀಬೋರ್ಡಿನ ಮುಂದೆ ಕೂರಿಸಿದೆ.

"ಸಾರ್, ನಿದ್ದೆ ಕೆಡಿಸಿದ್ನಾ? ನಮ್ಮ ಹಳೇ ದೆವ್ವ ಮತ್ತೆ ಬಂದೈತಿ ಸಾರ್!"

ದಾವಣಗೆರೆಯ ಹುಡುಗ. ಹುಡುಗ ಅಂತ ಅಭ್ಯಾಸಬಲದಿಂದ ಹೇಳಿದೆ, ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಅವನ ತಂಡ ಬರೆದ, ಕ್ಲೌಡಿನಲ್ಲಿ ಓಡುವ ಒಂದು ಪುಟ್ಟ ಪ್ರೋಗ್ರಾಮು ಒಬ್ಬ ಗ್ರಾಹಕನ ಹೆಸರನ್ನು ಇನ್ನೊಬ್ಬನಿಗೆ ತೋರಿಸಿತಂತೆ. ತಂಡದ ಎಳೆಯರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಇವನು ಐದೇ ನಿಮಿಷದಲ್ಲಿ ಕಾರಣ ಹೇಳಿದನಂತೆ. "ಎಲ್ಲಿ ಕಲಿತ್ರಿ ಸಾರ್ ಇದನ್ನ ಅಂತ ಕೇಳಿದ್ರು. ಪರ್ಲ್‌ನಲ್ಲಿ ಅಂದೆ. ನಕ್ಕುಬಿಟ್ರು" ಅಂದ.

ನಗಲಿ ಪಾಪ. ಆದರೆ ನಗುವವರಿಗೂ, ಆ ಕಾಲದಲ್ಲಿ ನಮ್ಮ ಜೊತೆ ನಿದ್ದೆಗೆಟ್ಟವರಿಗೂ ಆ ದೆವ್ವದ ಚರಿತ್ರೆಯನ್ನು ಒಮ್ಮೆ ಬರೆದಿಡೋಣ ಅನ್ನಿಸಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಬ್ಲಾಗ್ ಮಿತ್ರರೂ ಹೆದರಬೇಡಿ, ಊಟದ ಉದಾಹರಣೆ ಕೊಡುತ್ತೇನೆ :-)

ಬಾಳೆಲೆಯ ಕಾಲ

ವೆಬ್ ಹುಟ್ಟಿದ ಹೊಸತರಲ್ಲಿ ಪುಟಗಳೆಂದರೆ ಬರೆದಿಟ್ಟ ಫೈಲುಗಳು. ಕೇಳಿದವರಿಗೆ ಸರ್ವರು ಎತ್ತಿ ಕೊಡುತ್ತಿತ್ತು, ಅಷ್ಟೆ. ನೀವು ಯಾರು, ಏನು ಹುಡುಕುತ್ತಿದ್ದೀರಿ ಅಂತ ನೋಡಿ ಉತ್ತರ ತಯಾರಿಸಿ ಕೊಡುವ ಶಕ್ತಿ ಅದಕ್ಕಿರಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರಿನ ಜೊತೆಗೆ ಒಂದು ಸರಳ ಒಪ್ಪಂದ ಬಂತು. ಅದೇ ಸಿಜಿಐ, ಅಂದರೆ ಕಾಮನ್ ಗೇಟ್‌ವೇ ಇಂಟರ್‌ಫೇಸ್. ಪುಟ ಕೇಳಿದಾಗ ಸರ್ವರು ಫೈಲು ಕೊಡುವ ಬದಲು ಒಂದು ಪ್ರೋಗ್ರಾಮನ್ನು ಓಡಿಸುತ್ತದೆ. ಆ ಪ್ರೋಗ್ರಾಮು ಏನು ಉಗುಳುತ್ತದೋ ಅದನ್ನೇ ಬ್ರೌಸರಿಗೆ ಕಳಿಸುತ್ತದೆ. ಪ್ರೋಗ್ರಾಮು ಯಾವ ಭಾಷೆಯಲ್ಲಿದ್ದರೂ ಸರಿ.

ಯಾವ ಭಾಷೆಯಾದರೂ ಸರಿ ಅಂದಾಗ ಹೆಚ್ಚಿನವರು ಹಿಡಿದದ್ದು ಪರ್ಲ್. ಭಾಷಾಶಾಸ್ತ್ರ ಓದಿಕೊಂಡಿದ್ದ ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಹೊರತಂದಿದ್ದರು. ರಾಶಿ ರಾಶಿ ಪಠ್ಯದಿಂದ ಬೇಕಾದ್ದನ್ನು ಹೆಕ್ಕಿ ವರದಿ ಮಾಡುವುದಕ್ಕೆಂದೇ ಮಾಡಿದ ಭಾಷೆ ಅದು. ವೆಬ್ ಪುಟವೂ ಪಠ್ಯವೇ ತಾನೆ? 1994ರ ಅಕ್ಟೋಬರಿನಲ್ಲಿ ಪರ್ಲ್ 5 ಬಂತು. ಜೀವವಿಜ್ಞಾನಿ ಲಿಂಕನ್ ಸ್ಟೈನ್ ಬರೆದ ಸಿಜಿಐ ಮಾಡ್ಯೂಲು ಫಾರಂ ಓದುವ, ಪುಟ ಕಟ್ಟುವ ಕೆಲಸವನ್ನು ಸುಲಭ ಮಾಡಿತು. 1997ರಲ್ಲಿ ಅದು ಪರ್ಲ್ ಜೊತೆಗೇ ಬರತೊಡಗಿತು.

ಸಿಜಿಐ ಅಂದರೆ ಮದುವೆ ಮನೆಯ ಬಾಳೆಲೆ ಊಟ. ಪ್ರತಿಯೊಬ್ಬರಿಗೂ ಹೊಸ ಎಲೆ. ಊಟ ಮುಗಿದರೆ ಎಲೆ ಎತ್ತಿ ಹೊರಗೆ. ಮುಂದಿನ ಪಂಕ್ತಿಯವರಿಗೆ ಮತ್ತೆ ಹೊಸ ಎಲೆ. ಹಾಗೆಯೇ ಪ್ರತಿ ಕ್ಲಿಕ್ಕಿಗೂ ಸರ್ವರು ಹೊಸದೊಂದು ಪರ್ಲ್ ಹುಟ್ಟಿಸುತ್ತಿತ್ತು. ಅದು ಸ್ಕ್ರಿಪ್ಟ್ ಓದಿ, ಕಂಪೈಲ್ ಮಾಡಿ, ಡೇಟಾಬೇಸಿಗೆ ಸಂಪರ್ಕ ಹಿಡಿದು, ಉತ್ತರ ಕೊಟ್ಟು, ಸತ್ತುಹೋಗುತ್ತಿತ್ತು. ಸತ್ತಾಗ ಅದರ ನೆನಪೆಲ್ಲ ಅದರ ಜೊತೆಗೇ ಹೋಯಿತು. ತೆರೆದಿಟ್ಟ ಫೈಲುಗಳು, ಮರೆತು ಬಿಟ್ಟ ವೇರಿಯಬಲ್‌ಗಳು, ಅರ್ಧಕ್ಕೆ ನಿಂತ ಡೇಟಾಬೇಸ್ ಸಂಪರ್ಕ, ಎಲ್ಲವನ್ನೂ ಆಪರೇಟಿಂಗ್ ಸಿಸ್ಟಮ್ಮೇ ಗುಡಿಸಿ ಹಾಕುತ್ತಿತ್ತು. ನೀವು ಎಷ್ಟೇ ಗಲೀಜಾಗಿ ಕೋಡ್ ಬರೆದರೂ ಮುಂದಿನವನಿಗೆ ಎಲೆ ಶುಭ್ರ.

ಆಗಿನ ತಾಪತ್ರಯಗಳೂ ಸರಳ. "500 ಇಂಟರ್ನಲ್ ಸರ್ವರ್ ಎರರ್" ಅಂತ ಬರುತ್ತಿತ್ತು. ಲಾಗ್ ನೋಡಿದರೆ "ಪ್ರೀಮೆಚ್ಯೂರ್ ಎಂಡ್ ಆಫ್ ಸ್ಕ್ರಿಪ್ಟ್ ಹೆಡರ್ಸ್" ಅಂತಿರುತ್ತಿತ್ತು. ಒಂದೋ ಫೈಲಿಗೆ ಓಡುವ ಅನುಮತಿ ಕೊಟ್ಟಿಲ್ಲ, ಇಲ್ಲಾ ಮೊದಲ ಸಾಲಿನಲ್ಲಿ ಪರ್ಲ್ ಇರುವ ದಾರಿ ತಪ್ಪು, ಇಲ್ಲಾ ವಿಂಡೋಸ್‌ನಿಂದ ಕಳಿಸುವಾಗ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರ ಸೇರಿಕೊಂಡಿದೆ. ತಪ್ಪು ಇದ್ದರೆ ಎಲ್ಲರಿಗೂ, ಪ್ರತಿ ಸಲವೂ ಕಾಣುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಟ್ಟೆ ಬಂತು

ಬಾಳೆಲೆಯ ತೊಂದರೆ ಏನೆಂದರೆ ಸಾವಿರ ಜನ ಬಂದರೆ ಸಾವಿರ ಎಲೆ ಬೇಕು. ಹತ್ತು ಸಾಲಿನ ಉತ್ತರ ಕೊಡುವುದಕ್ಕೆ ಸಾವಿರಾರು ಸಾಲಿನ ಮಾಡ್ಯೂಲುಗಳನ್ನು ಪ್ರತಿ ಸಲ ಹೊಸದಾಗಿ ಕಂಪೈಲ್ ಮಾಡಬೇಕು. ತಾಣ ಜನಪ್ರಿಯವಾದಷ್ಟೂ ಸರ್ವರು ಏದುಸಿರು ಬಿಡುತ್ತಿತ್ತು.

ಅಷ್ಟು ಹೊತ್ತಿಗೆ ಎನ್‌ಸಿಎಸ್‌ಎ ಸರ್ವರಿಗೆ ತೇಪೆ ಹಚ್ಚುತ್ತಾ ಬೆಳೆದ ಅಪಾಚೆ ಬಂದಿತ್ತು. ಅದರ 1.0 ಆವೃತ್ತಿ ಬಂದದ್ದು 1995ರ ಡಿಸೆಂಬರಿನಲ್ಲಿ. ಹೊರಗಿನವರು ಬರೆದ ಮಾಡ್ಯೂಲುಗಳನ್ನು ಸರ್ವರಿನ ಒಳಗೇ ಸೇರಿಸಿಕೊಳ್ಳಲು ಅದು ಅವಕಾಶ ಕೊಟ್ಟಿತ್ತು. 1996ರಲ್ಲಿ ನಾರ್ವೆಯ ಗಿಸ್ಲೆ ಓಸ್ ಪರ್ಲ್ ಇಂಟರ್‌ಪ್ರಿಟರನ್ನೇ ಅಪಾಚೆಯ ಹೊಟ್ಟೆಯೊಳಗೆ ಕೂರಿಸಿದರು. ಡಗ್ ಮೆಕೆಕರ್ನ್ ಅದನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ಬೆಳೆಸಿದರು. ಅದೇ ಮಾಡ್-ಪರ್ಲ್.

ಈಗ ಪ್ರತಿ ಕ್ಲಿಕ್ಕಿಗೂ ಹೊಸ ಪರ್ಲ್ ಹುಟ್ಟಬೇಕಿಲ್ಲ. ಸರ್ವರು ಎದ್ದಾಗ ಪರ್ಲ್ ಕೂಡ ಎದ್ದಿರುತ್ತದೆ. ಸ್ಕ್ರಿಪ್ಟ್ ಒಂದು ಸಲ ಕಂಪೈಲ್ ಆದರೆ ನೆನಪಿನಲ್ಲೇ ಕೂತಿರುತ್ತದೆ, ಡೇಟಾಬೇಸ್ ಸಂಪರ್ಕವೂ ತೆರೆದೇ ಇರುತ್ತದೆ. ನಮ್ಮ ದರ್ಶಿನಿಯ ಸ್ಟೀಲ್ ತಟ್ಟೆ ಇದ್ದ ಹಾಗೆ. ಅದೇ ತಟ್ಟೆ, ಒಬ್ಬರಾದ ಮೇಲೆ ಒಬ್ಬರಿಗೆ. ಅದೇ ಹಳೆಯ ಯಂತ್ರದ ಮೇಲೆ ತಾಣಗಳು ಹತ್ತಾರು ಪಟ್ಟು ವೇಗವಾಗಿ ಓಡಿದವು. ಐಎಂಡಿಬಿ, ಸ್ಲಾಶ್‌ಡಾಟ್, ಲೈವ್‌ಜರ್ನಲ್ ಇವೆಲ್ಲ ಇದರ ಮೇಲೆ ಓಡಿದವು.

ಹಳೆಯ ಸಿಜಿಐ ಸ್ಕ್ರಿಪ್ಟ್‌ಗಳನ್ನು ಮತ್ತೆ ಬರೆಯುವ ಕಷ್ಟ ಬೇಡವೆಂದು ಅಪಾಚೆ-ರಿಜಿಸ್ಟ್ರಿ ಎಂಬ ಮಾಡ್ಯೂಲನ್ನೂ ಕೊಟ್ಟರು. ಕಾನ್ಫಿಗರೇಷನ್ ಫೈಲಿನಲ್ಲಿ ಎರಡು ಮೂರು ಸಾಲು ಸೇರಿಸಿ, ಅಪಾಚೆಯನ್ನು ಮತ್ತೆ ಎಬ್ಬಿಸಿ, ಮುಗೀತು. ಸ್ಕ್ರಿಪ್ಟ್‌ನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ.

ಆದರೆ ತಟ್ಟೆ ತೊಳೆಯುವವರು ಯಾರು? ಬಾಳೆಲೆಗೆ ಆ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ತೊಳೆಯುವ ಕೆಲಸ ಆಪರೇಟಿಂಗ್ ಸಿಸ್ಟಮಿನಿಂದ ಪ್ರೋಗ್ರಾಮರ್ ಹೆಗಲಿಗೆ ಬಂತು. ಬಹಳ ಜನಕ್ಕೆ ಅದು ಬಂದದ್ದೇ ಗೊತ್ತಾಗಲಿಲ್ಲ. ಸ್ಕ್ರಿಪ್ಟ್ ಬದಲಾಗಿರಲಿಲ್ಲವಲ್ಲ!

ಆ ರಾತ್ರಿ

2003. ಬೆಂಗಳೂರಿನ ಒಂದು ಕಂಪನಿ (ಹೆಸರು ಬೇಡ, ಈಗ ಅದು ಇಲ್ಲ ಕೂಡ). ಉದ್ಯೋಗ ಹುಡುಕುವವರು ಅರ್ಜಿ ತುಂಬುವ ತಾಣ ನಮ್ಮದು. ದಾವಣಗೆರೆಯ ಹುಡುಗ ಸೇರಿ ಮೂರು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್. ಅರ್ಜಿ ತೋರಿಸುವ ಸ್ಕ್ರಿಪ್ಟ್ ಅವನೇ ಬರೆದದ್ದು. ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತಿತ್ತು.

ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ನನ್ನ ಫಾರಂ ತೆಗೆದ್ರ ಯಾರೋ ಗಂಡಸರ ಹೆಸರು, ಫೋನ್ ನಂಬರ್ ಬರಾಕತ್ತೈತಿ. ನನ್ನ ನಂಬರ್ ಯಾರಿಗೆ ಕಾಣಾಕತ್ತೈತ್ರಿ ಹಂಗಾರ?" ಅಂದಳು. ಅವಳ ಆ ಪ್ರಶ್ನೆ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅವಳ ಅರ್ಜಿಯಲ್ಲಿ ಮನೆ ವಿಳಾಸವೂ ಇತ್ತು.

ಮ್ಯಾನೇಜರು ಎಲ್ಲರೆದುರು ಹುಡುಗನಿಗೆ ಬೈದರು. ಇಂಥ ಕೋಡ್ ಬರೆಯುವವನನ್ನು ಇಟ್ಟುಕೊಳ್ಳೋಕೆ ಆಗೋಲ್ಲ ಅಂತಲೂ ಅಂದರು. ಅವನು ತೊದಲುತ್ತಿದ್ದ. "ಸಾರ್, ನನ್ನ ಮಿಷನ್ನಿನಲ್ಲಿ ಸರಿಯಾಗೇ ಬರ್ತದ ಸಾರ್. ನೂರು ಸಲ ನೋಡೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಟೇಬಲ್ಲಿನಲ್ಲಿ ಕೂತು ನೋಡಿದೆವು. ರಿಫ್ರೆಶ್ ಒತ್ತಿದಂತೆಲ್ಲ ಬೇರೆ ಬೇರೆ ಹೆಸರು! ಒಮ್ಮೆ ಒಬ್ಬರು, ಇನ್ನೊಮ್ಮೆ ಇನ್ನೊಬ್ಬರು, ಮತ್ತೆ ಮೊದಲಿನವರು. ಕೋಡ್ ಓದಿದರೆ ಎಲ್ಲೂ ತಪ್ಪು ಕಾಣದು. ಪುಸ್ತಕದಲ್ಲಿ ಹೇಳಿದ ಹಾಗೆ ಪ್ರತಿ ವೇರಿಯಬಲ್ಲನ್ನೂ "ಮೈ" ಎಂಬ ಪದ ಹಾಕಿ ಘೋಷಿಸಿದ್ದ (ಕನ್ನಡದ ಮೈ ಅಲ್ಲ, ಪರ್ಲಿನದು). ಕಟ್ಟುನಿಟ್ಟಿನ ಸ್ಟ್ರಿಕ್ಟ್ ಕೂಡ ಹಾಕಿದ್ದ. ನನ್ನ ಕೋಡಿಗಿಂತ ಅವನದೇ ಚೊಕ್ಕವಾಗಿತ್ತು, ಸತ್ಯವಾಗಿ.

ರಾತ್ರಿ ಒಂಬತ್ತಾಯಿತು. ಯಾಕೋ ಸಿಸ್ಟಮ್ ಅಡ್ಮಿನ್‌ಗೆ ಫೋನ್ ಮಾಡಿ ಕೇಳಿದೆ, "ಸರ್ವರಿನಲ್ಲಿ ಏನಾದ್ರೂ ಬದಲಾಯಿಸಿದ್ಯಾ ಗುರೂ?"

"ಏನಿಲ್ಲಪ್ಪಾ. ಸೈಟ್ ಸ್ಲೋ ಅಂತಿದ್ರಲ್ಲ, ಮೊನ್ನೆ ಮಾಡ್-ಪರ್ಲ್ ಆನ್ ಮಾಡ್ದೆ. ಸ್ಕ್ರಿಪ್ಟ್ ಏನೂ ಮುಟ್ಟಿಲ್ಲ."

ಸ್ಕ್ರಿಪ್ಟ್ ಏನೂ ಮುಟ್ಟಿಲ್ಲ. ಸರಿ, ಅಲ್ಲಿಂದ ಹುಡುಕಾಟದ ದಿಕ್ಕೇ ಬದಲಾಯಿತು.

ಆದದ್ದು ಇಷ್ಟು. ಅಪಾಚೆ-ರಿಜಿಸ್ಟ್ರಿ ನಿಮ್ಮ ಇಡೀ ಸ್ಕ್ರಿಪ್ಟನ್ನು ತನ್ನದೇ ಒಂದು ಫಂಕ್ಷನ್ನಿನೊಳಗೆ ಸುತ್ತಿಡುತ್ತದೆ. ಹಾಗಾಗಿ ನೀವು ಬರೆದ ಫಂಕ್ಷನ್‌ಗಳು ಫಂಕ್ಷನ್ನಿನೊಳಗಿನ ಫಂಕ್ಷನ್‌ಗಳಾಗುತ್ತವೆ. ಪರ್ಲ್‌ನ ನಿಯಮದ ಪ್ರಕಾರ ಹೆಸರಿರುವ ಒಳಗಿನ ಫಂಕ್ಷನ್ನು ಹೊರಗಿನ "ಮೈ" ವೇರಿಯಬಲ್ಲನ್ನು ಹಿಡಿದುಕೊಳ್ಳುವುದು ಒಂದೇ ಸಲ. ಮೊದಲ ಓಟದಲ್ಲಿ ಹಿಡಿದದ್ದನ್ನು ಅದು ಬಿಡುವುದೇ ಇಲ್ಲ. ಎರಡನೇ ಸಲ ಹೊರಗಡೆ ಹೊಸ ವೇರಿಯಬಲ್ ಹುಟ್ಟಿ, ಅದರಲ್ಲಿ ಹೊಸ ಗ್ರಾಹಕನ ಹೆಸರು ಬಂದು ಕೂರುತ್ತದೆ. ಒಳಗಿನ ಫಂಕ್ಷನ್ನು ಮಾತ್ರ ಮೊದಲನೆಯವನ ಹೆಸರನ್ನೇ ಹಿಡಿದುಕೊಂಡು ಕೂತಿರುತ್ತದೆ. ಸಿಜಿಐನಲ್ಲಿ ಎರಡನೇ ಓಟ ಅಂತಲೇ ಇರಲಿಲ್ಲ!

ರಿಫ್ರೆಶ್ ಮಾಡಿದಾಗ ಹೆಸರು ಬದಲಾಗುತ್ತಿದ್ದದ್ದು ಯಾಕೆ? ಅಪಾಚೆ 1.3 ಒಂದೇ ಪ್ರೋಸೆಸ್ ಅಲ್ಲ. ಒಂದು ತಾಯಿ, ಹಲವು ಮರಿಗಳು. ಅದರ ಜೊತೆಗೆ ಬರುತ್ತಿದ್ದ ಕಾನ್ಫಿಗರೇಷನ್ನಿನಲ್ಲಿ ಶುರುವಿಗೇ 5 ಮರಿಗಳು. ಪ್ರತಿ ಮರಿಗೂ ತನ್ನದೇ ನೆನಪು, ತನ್ನದೇ "ಮೊದಲ ಗ್ರಾಹಕ". ನಿಮ್ಮ ಕ್ಲಿಕ್ಕು ಯಾವ ಮರಿಯ ಪಾಲಿಗೆ ಹೋಗುತ್ತದೋ ಆ ಮರಿ ಹಿಡಿದಿಟ್ಟ ಹೆಸರು ನಿಮಗೆ ಕಾಣುತ್ತದೆ. ಎಲ್ಲರಿಗೂ ಪ್ರತಿ ಸಲವೂ ಕಾಣುವ ತಪ್ಪಿನ ಕಾಲ ಮುಗಿದಿತ್ತು. ಇದು ಕೆಲವರಿಗೆ, ಕೆಲವು ಸಲ ಮಾತ್ರ ಕಾಣುವ ತಪ್ಪು.

ಹಾಗಾದರೆ ಹುಡುಗನ ಮಿಷನ್ನಿನಲ್ಲಿ ನೂರು ಸಲವೂ ಸರಿ ಬಂದದ್ದು ಹೇಗೆ? ಅವನ ಮಿಷನ್ನಿನಲ್ಲಿ ಇದ್ದದ್ದು ಸಿಜಿಐ. ಮಾಡ್-ಪರ್ಲ್ ಹಾಕಿ ನೋಡಿದರೂ ಮೊದಮೊದಲು ತಪ್ಪು ಸಿಗಲೇ ಇಲ್ಲ. ಇದೇ ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಭಾಗ. ಸ್ಕ್ರಿಪ್ಟ್ ಫೈಲು ಬದಲಾದರೆ ಅಪಾಚೆ-ರಿಜಿಸ್ಟ್ರಿ ಅದನ್ನು ಹೊಸದಾಗಿ ಕಂಪೈಲ್ ಮಾಡುತ್ತದೆ. ಕೋಡ್ ತಿದ್ದುವವನು ತಿದ್ದಿ ಒಂದು ಸಲ ನೋಡುತ್ತಾನೆ, ಮತ್ತೆ ತಿದ್ದುತ್ತಾನೆ. ಅಂದರೆ ಅವನಿಗೆ ಯಾವಾಗಲೂ ತೊಳೆದ ತಟ್ಟೆಯೇ ಸಿಗುತ್ತದೆ. ಮೇಲಾಗಿ ಅವನು ಪ್ರತಿ ಸಲವೂ ತನ್ನದೇ ಹೆಸರಲ್ಲಿ ಲಾಗಿನ್ ಆಗುತ್ತಿದ್ದ. ಹಳೆಯ ಹೆಸರು ಅಂಟಿಕೊಂಡಿದ್ದರೂ ಅದು ಅವನದೇ ಹೆಸರು!

ಕೊನೆಗೆ ಅಪಾಚೆಯನ್ನು ಮರಿಗಳಿಲ್ಲದೆ ಒಂಟಿಯಾಗಿ ಓಡಿಸಿದೆವು. "ಎಕ್ಸ್" ಅನ್ನುವ ಆಯ್ಕೆ ಕೊಟ್ಟು ಎಬ್ಬಿಸಿದರೆ ಅಪಾಚೆ ಒಂದೇ ಪ್ರೋಸೆಸ್ ಆಗಿ ಓಡುತ್ತದೆ. ಮೊದಲು ಅವನ ಹೆಸರಲ್ಲಿ ಲಾಗಿನ್, ಆಮೇಲೆ ನನ್ನ ಹೆಸರಲ್ಲಿ. ಎರಡನೇ ಕ್ಲಿಕ್ಕಿಗೇ ನನ್ನ ಪುಟದಲ್ಲಿ ಅವನ ಹೆಸರು. ಸಿಕ್ಕಿಬಿತ್ತು ದೆವ್ವ. ಇನ್ನೊಂದು ವಿಷಯವೂ ಸಿಕ್ಕಿತು. ಎರರ್ ಲಾಗಿನಲ್ಲಿ ಪರ್ಲ್ ಅದನ್ನು ಮೊದಲೇ ಬರೆದಿಟ್ಟಿತ್ತು, "ಈ ವೇರಿಯಬಲ್ ಹಂಚಿಕೆಯಾಗಿ ಉಳಿಯುವುದಿಲ್ಲ" ಅನ್ನುವ ಅರ್ಥದ ಎಚ್ಚರಿಕೆ, ಸಾಲಿನ ಸಂಖ್ಯೆಯ ಸಮೇತ. ಪ್ರತಿ ಮರಿ ಹುಟ್ಟಿ ಸ್ಕ್ರಿಪ್ಟ್ ಓದಿದಾಗಲೂ ಒಂದು ಸಲ. ನಾವ್ಯಾರೂ ಲಾಗ್ ಓದಿರಲಿಲ್ಲ.

ತಿದ್ದುಪಡಿ ಹತ್ತು ನಿಮಿಷದ್ದು. ಫಂಕ್ಷನ್ನಿಗೆ ಬೇಕಾದ ಹೆಸರನ್ನು ಹೊರಗಿನಿಂದ ತಾನೇ ಎಳೆದುಕೊಳ್ಳಲು ಬಿಡದೆ ಪ್ರತಿ ಸಲ ಕೈಗೆ ಕೊಡುವುದು, ಅಷ್ಟೇ. ಬೆಳಗಿನ ಜಾವ ಮೂರಕ್ಕೆ ಶಿವಾಜಿನಗರದಲ್ಲಿ ಟೀ ಕುಡಿದೆವು. "ಸಾರ್, ಹಂಗಾರ ತಪ್ಪು ನಂದಾ?" ಅಂತ ಕೇಳಿದ. ಇಲ್ಲ ಮಾರಾಯ, ನೀನು ಬರೆದದ್ದು ಸರಿಯಾಗಿತ್ತು, ಕೆಳಗಿನ ನೆಲ ಬದಲಾಯಿತು ಅಂದೆ. ಮರುದಿನ ಮ್ಯಾನೇಜರಿಗೂ ಅದನ್ನೇ ಬರೆದು ಕೊಟ್ಟೆ. ಹುಡುಗನ ಕೆಲಸ ಉಳಿಯಿತು. ಎಲ್ಲರೆದುರು ಬೈದವರು ಎಲ್ಲರೆದುರು ಏನೂ ಹೇಳಲಿಲ್ಲ. ಹುಬ್ಬಳ್ಳಿಯ ಹೆಣ್ಣುಮಗಳ ಪ್ರಶ್ನೆಗೆ ಉತ್ತರವೂ ನಮ್ಮ ಹತ್ತಿರ ಇರಲಿಲ್ಲ. ಅವಳ ನಂಬರು ಯಾರಿಗೆ ಕಂಡಿತ್ತು ಅಂತ ಯಾವ ಲಾಗಿನಲ್ಲೂ ಇರಲಿಲ್ಲ.

ದೆವ್ವದ ಬಂಧು ಬಳಗ

ಇದೊಂದೇ ಅಲ್ಲ, ಈ ಕುಲದ ತಪ್ಪುಗಳು ಬೇಕಾದಷ್ಟಿದ್ದವು. ಕೆಲವನ್ನು ಹೇಳುತ್ತೇನೆ, ಆ ಕಾಲದವರು ಓದಿದರೆ ಮುಗುಳ್ನಗುತ್ತಾರೆ.

ಹುಡುಕುವ ಪದವನ್ನು ಒಂದೇ ಸಲ ಕಂಪೈಲ್ ಮಾಡಿದರೆ ಸಾಕು ಅಂತ ಪರ್ಲ್‌ಗೆ ಹೇಳಲು ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಕೊನೆಗೆ "ಓ" ಅಂತ ಒಂದು ಅಕ್ಷರ ಹಾಕುವ ರೂಢಿ ಇತ್ತು. ಸಿಜಿಐನಲ್ಲಿ ಅದು ಜಾಣತನ. ಮಾಡ್-ಪರ್ಲ್‌ನಲ್ಲಿ ಆ "ಒಂದೇ ಸಲ" ಅಂದರೆ ಆ ಮರಿ ಬದುಕಿರುವ ತನಕ. ಮೊದಲು ಬಂದವರು "ಮೈಸೂರು" ಅಂತ ಹುಡುಕಿದ್ದರೆ ಆಮೇಲೆ ಬಂದವರು "ಮಂಗಳೂರು" ಅಂತ ಎಷ್ಟು ಸಲ ಹುಡುಕಿದರೂ ಮೈಸೂರೇ :-)

ಇನ್ನೊಂದು ಯಾದೃಚ್ಛಿಕ ಸಂಖ್ಯೆಗಳದ್ದು. ಸರ್ವರು ಏಳುವಾಗಲೇ, ಮರಿಗಳು ಹುಟ್ಟುವ ಮೊದಲೇ, ತಾಯಿ ಪ್ರೋಸೆಸ್ ರ‍್ಯಾಂಡಮ್ ಸಂಖ್ಯೆ ಒಂದನ್ನು ಕೇಳಿಬಿಟ್ಟರೆ ಅದರ ಬೀಜ ಎಲ್ಲ ಮರಿಗಳಿಗೂ ಬಳುವಳಿಯಾಗಿ ಹೋಗುತ್ತದೆ. ಆಮೇಲೆ ಎಲ್ಲ ಮರಿಗಳೂ ಅದೇ ಸಾಲಿನ ಸಂಖ್ಯೆಗಳನ್ನೇ ಕೊಡುತ್ತವೆ. ಆ ಸಂಖ್ಯೆಯಿಂದ ಸೆಷನ್ ಗುರುತು ಮಾಡಿದ್ದರೆ ಇಬ್ಬರಿಗೆ ಒಂದೇ ಬೀಗದ ಕೈ! ಅದೇ ರೀತಿ ತಾಯಿ ತೆರೆದ ಡೇಟಾಬೇಸ್ ಸಂಪರ್ಕವನ್ನು ಮರಿಗಳೆಲ್ಲ ಹಂಚಿಕೊಂಡರೆ ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ.

ಬೆಳಗಿನ ದೆವ್ವ ಅಂತ ಒಂದಿತ್ತು. ದಿನವಿಡೀ ಚೆನ್ನಾಗಿ ಓಡಿದ ತಾಣ ಬೆಳಗ್ಗೆ ಮೊದಲು ಬಂದವರಿಗೆ ಮಾತ್ರ "ಮೈಎಸ್‌ಕ್ಯೂಎಲ್ ಸರ್ವರ್ ಹ್ಯಾಸ್ ಗಾನ್ ಅವೇ" ಅನ್ನುತ್ತಿತ್ತು. ಮಾತಿಲ್ಲದ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ತಾನಾಗಿ 28,800 ಸೆಕೆಂಡಿಗೆ, ಅಂದರೆ 8 ಗಂಟೆಗೆ ಕತ್ತರಿಸುತ್ತದೆ. ರಾತ್ರಿ ಯಾರೂ ಬಾರದ ತಾಣದಲ್ಲಿ ಮರಿಗಳು ಕತ್ತರಿಸಿದ ದಾರದ ತುದಿ ಹಿಡಿದುಕೊಂಡು ಕೂತಿರುತ್ತಿದ್ದವು. ಎಡ್ಮಂಡ್ ಮೆರ್ಗ್ಲ್ ಬರೆದ ಅಪಾಚೆ-ಡಿಬಿಐ ಮಾಡ್ಯೂಲು ಸಂಪರ್ಕ ಕೊಡುವ ಮೊದಲು ಅದು ಬದುಕಿದೆಯೇ ಅಂತ ತಟ್ಟಿ ನೋಡುತ್ತಿತ್ತು.

ಕೆಲವು ಸಲ ಮರಿಗಳು ಕಾರಣ ಹೇಳದೆ ಸಾಯುತ್ತಿದ್ದವು. ಲಾಗಿನಲ್ಲಿ "ಸೆಗ್ಮೆಂಟೇಶನ್ ಫಾಲ್ಟ್ (11)" ಅಂತ ಒಂದೇ ಸಾಲು. ಇದರಲ್ಲಿ ಪ್ರಸಿದ್ಧವಾದದ್ದು ಎಕ್ಸ್‌ಪಾಟ್ ಜಗಳ. ಅಪಾಚೆ 1.3 ತನ್ನೊಳಗೆ ಎಕ್ಸ್‌ಎಂಎಲ್ ಓದುವ ಎಕ್ಸ್‌ಪಾಟ್ ಲೈಬ್ರರಿಯ ಒಂದು ಪ್ರತಿ ಇಟ್ಟುಕೊಂಡಿತ್ತು. ಪರ್ಲ್‌ನ ಎಕ್ಸ್‌ಎಂಎಲ್-ಪಾರ್ಸರ್ ಅದೇ ಲೈಬ್ರರಿಯ ಬೇರೆ ಪ್ರತಿ ತರುತ್ತಿತ್ತು. ಒಂದೇ ಪ್ರೋಸೆಸ್ಸಿನಲ್ಲಿ ಒಂದೇ ಹೆಸರಿನ ಎರಡು! ನಿಮ್ಮ ಪರ್ಲ್ ಕೋಡಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ, ಯಾಕೆಂದರೆ ಅದು ಅಲ್ಲಿ ಇರಲೇ ಇಲ್ಲ. ಎಕ್ಸ್‌ಪಾಟ್ ಬಿಟ್ಟು ಅಪಾಚೆಯನ್ನು ಮತ್ತೆ ಕಟ್ಟಬೇಕಿತ್ತು.

ಇನ್ನು ಹೊಟ್ಟೆಬಾಕತನ. ಪರ್ಲ್ ಹೊತ್ತ ಒಂದು ಮರಿಗೆ 20 ಎಂಬಿ ಅಂತ ಇಟ್ಟುಕೊಳ್ಳಿ. ಆಗಿನ ಅಪಾಚೆ ಕಾನ್ಫಿಗರೇಷನ್ನಿನಲ್ಲಿ ಮರಿಗಳ ಮಿತಿ 150. ಗುಣಿಸಿದರೆ 3,000 ಎಂಬಿ, ಸರ್ವರಿನಲ್ಲಿದ್ದದ್ದು 512! ಅದರ ಮೇಲೆ ಗ್ರಾಹಕರದ್ದು 56ಕೆ ಮೋಡೆಮ್, ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್. 70 ಕಿಲೋಬೈಟಿನ ಪುಟವನ್ನು ಚಮಚದಲ್ಲಿ ಉಣಿಸುತ್ತಾ ಆ ದೊಡ್ಡ ಮರಿ 10 ಸೆಕೆಂಡು ಕಟ್ಟಿಹಾಕಿದಂತೆ ನಿಲ್ಲುತ್ತಿತ್ತು. ಅದಕ್ಕೇ ಮುಂದೆ ಹಗುರವಾದ ಒಂದು ಅಪಾಚೆ ನಿಲ್ಲಿಸಿ ಹಿಂದೆ ಮಾಡ್-ಪರ್ಲ್ ಇಡುವ ರೂಢಿ ಬಂತು. ಅಡುಗೆ ಭಟ್ಟರು ಬೇರೆ, ಬಡಿಸುವವರು ಬೇರೆ.

ಅನುಭವದ ಪುಸ್ತಕ

ಈ ಪಾಡನ್ನೆಲ್ಲ ಬರೆದಿಟ್ಟವರಿಗೆ ನಾವು ಋಣಿಗಳು. 1999ರಲ್ಲಿ ಲಿಂಕನ್ ಸ್ಟೈನ್ ಮತ್ತು ಡಗ್ ಮೆಕೆಕರ್ನ್ ಸೇರಿ ಅಪಾಚೆ ಮಾಡ್ಯೂಲುಗಳ ಬಗ್ಗೆ ಪುಸ್ತಕ ಬರೆದರು. ಸ್ಟಾಸ್ ಬೆಕ್ಮನ್ ಜನ ಕೇಳಿದ ಪ್ರಶ್ನೆಗಳನ್ನೂ ಸಿಕ್ಕ ಉತ್ತರಗಳನ್ನೂ ಕೂಡಿಸುತ್ತಾ ಒಂದು ದೊಡ್ಡ ಮಾರ್ಗದರ್ಶಿಯನ್ನೇ ಕಟ್ಟಿ ಉಚಿತವಾಗಿ ಇಟ್ಟರು. 2003ರಲ್ಲಿ ಎರಿಕ್ ಶೋಲೆ ಜೊತೆ ಸೇರಿ ಅವರು ತಂದ "ಪ್ರಾಕ್ಟಿಕಲ್ ಮಾಡ್-ಪರ್ಲ್" ನಮ್ಮ ಆಫೀಸಿನಲ್ಲಿ ಕಾಫಿ ಕಲೆ ಹಿಡಿದು, ಬೆನ್ನು ಮುರಿದು ಹೋಗಿತ್ತು. ಮೇಲೆ ಹೇಳಿದ ದೆವ್ವಗಳೆಲ್ಲ ಆ ಮಾರ್ಗದರ್ಶಿಯಲ್ಲಿ ಆಗಲೇ ಇದ್ದವು.

ಅವರು ಕಲಿಸಿದ ಪಾಠಗಳು ಇವು. ಲಾಗ್ ಓದು. ಎಚ್ಚರಿಕೆಗಳನ್ನು ಬಾಯಿ ಮುಚ್ಚಿಸಬೇಡ. ಒಂದೇ ಪ್ರೋಸೆಸ್‌ನಲ್ಲಿ ಓಡಿಸಿ ನೋಡು. ಒಂದು ಸಲ ನೋಡಿ ಸರಿ ಇದೆ ಅನ್ನಬೇಡ, ಎರಡನೇ ಸಲ ಬೇರೆ ಹೆಸರಲ್ಲಿ ನೋಡು. ನನಗೆ ಕೊನೆಯದೇ ಎಲ್ಲಕ್ಕಿಂತ ದೊಡ್ಡದು.

ನೆನಪನ್ನು ಹೊರಗಿಟ್ಟರು

ಆಮೇಲೆ ಏನಾಯಿತು? ಇಲ್ಲಿ ನಮ್ಮ ಬ್ಲಾಗ್ ಲೋಕದ ಚರಿತ್ರೆಯೂ ಸೇರಿಕೊಂಡಿದೆ.

1999ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಶುರು ಮಾಡಿದ ಲೈವ್‌ಜರ್ನಲ್ ದೈತ್ಯನಂತೆ ಬೆಳೆಯಿತು. ಅಲ್ಲಿ ಪ್ರತಿ ಮಾಡ್-ಪರ್ಲ್ ಮರಿಯೂ ತನ್ನ ಹೊಟ್ಟೆಯಲ್ಲಿ ತನ್ನದೇ ನೆನಪು ಇಟ್ಟುಕೊಂಡರೆ ಒಂದೇ ಮಾಹಿತಿ ನೂರಾರು ಕಡೆ ನಕಲು. 2003ರಲ್ಲಿ ಅವರು ನೆನಪನ್ನು ಮರಿಗಳಿಂದ ಹೊರಗೆ ತೆಗೆದು, ಎಲ್ಲ ಯಂತ್ರಗಳೂ ಕೇಳಬಹುದಾದ ಒಂದು ಸಾಮಾನ್ಯ ಉಗ್ರಾಣದಲ್ಲಿಟ್ಟರು. ಅದೇ ಮೆಮ್‌ಕ್ಯಾಶ್‌ಡಿ. ನೆನಪು ಬೇಕು, ಆದರೆ ಹೆಸರಿಟ್ಟು, ಚೀಟಿ ಅಂಟಿಸಿ, ಎಲ್ಲರಿಗೂ ಕಾಣುವ ಕಪಾಟಿನಲ್ಲಿ ಇರಲಿ. ತಟ್ಟೆಗೆ ಅಂಟಿದ ನೆನಪು ಬೇಡ.

ಇನ್ನೊಂದು ದಾರಿ ಪಿಎಚ್‌ಪಿಯದು. ಅದೂ ಅಪಾಚೆಯ ಒಳಗೇ ಕೂರುತ್ತಿತ್ತು, ಆದರೆ ಪ್ರತಿ ಕ್ಲಿಕ್ಕಿನ ಕೊನೆಗೆ ವೇರಿಯಬಲ್‌ಗಳನ್ನೆಲ್ಲ ಅಳಿಸಿಹಾಕುತ್ತಿತ್ತು. ತಾನೇ ತೊಳೆದುಕೊಳ್ಳುವ ತಟ್ಟೆ. ಒಂದೇ ಸರ್ವರಿನಲ್ಲಿ ನೂರಾರು ಗಿರಾಕಿಗಳನ್ನು ಕೂರಿಸುವ ಅಗ್ಗದ ಹೋಸ್ಟಿಂಗ್‌ನವರು ಮಾಡ್-ಪರ್ಲ್ ಕೊಡಲು ಹೆದರುತ್ತಿದ್ದರು, ಒಬ್ಬನ ಕೋಡು ಇನ್ನೊಬ್ಬನ ನೆನಪಿನ ಮನೆಯೊಳಗೇ ಓಡಾಡುತ್ತದಲ್ಲ. ಪಿಎಚ್‌ಪಿ ಕೊಡಲು ಆ ಹೆದರಿಕೆ ಅಷ್ಟಿರಲಿಲ್ಲ. 2001ರಲ್ಲಿ ಬಂದ, ಪರ್ಲ್‌ನಲ್ಲಿ ಬರೆದ ಮೂವೆಬಲ್ ಟೈಪ್ ಬ್ಲಾಗಿಗರ ಅಚ್ಚುಮೆಚ್ಚಾಗಿತ್ತು. 2004ರಲ್ಲಿ ಅದರ ಪರವಾನಗಿಯ ನಿಯಮ ಬದಲಾದಾಗ ಬಹಳ ಜನ ಹೊರಟದ್ದು, 2003ರಲ್ಲಿ ಹುಟ್ಟಿದ್ದ ಪಿಎಚ್‌ಪಿಯ ವರ್ಡ್‌ಪ್ರೆಸ್ ಕಡೆಗೆ.

ಅತ್ತ ಅಪಾಚೆ 2.0 ಬಂದದ್ದು 2002ರಲ್ಲಿ, ಅದಕ್ಕೆ ತಕ್ಕ ಮಾಡ್-ಪರ್ಲ್ 2.0 ಬಂದದ್ದು 2005ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಕಾದವರು ಕಾದು ಬೇರೆ ದಾರಿ ಹಿಡಿದಿದ್ದರು. 2009ರಲ್ಲಿ ತತ್ಸುಹಿಕೊ ಮಿಯಾಗಾವಾ ತಂದ ಪಿಎಸ್‌ಜಿಐ ಮತ್ತು ಪ್ಲ್ಯಾಕ್ ಪರ್ಲ್ ತಾಣಗಳನ್ನು ಅಪಾಚೆಯ ಹೊಟ್ಟೆಯಿಂದ ಬಿಡಿಸಿದವು. ಹಳೆಯ ಸಿಜಿಐ ಮಾಡ್ಯೂಲನ್ನು 2015ರ ಪರ್ಲ್ 5.22ರಲ್ಲಿ ಮೂಲ ಕಟ್ಟಿನಿಂದಲೇ ತೆಗೆದರು.

ಚಟ್ನಿ ಇನ್ನೂ ಹೋಗಿಲ್ಲ

ಹಾಗಂತ ದೆವ್ವ ಸತ್ತಿತಾ? 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿ ಬಳಸುತ್ತಿದ್ದ ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಂಡವು. ಆ ದಿನ ಒಂಬತ್ತು ಗಂಟೆಗಳ ಅವಧಿಯಲ್ಲಿ ಸಕ್ರಿಯರಾಗಿದ್ದ ಹಣ ಕೊಡುವ ಚಂದಾದಾರರಲ್ಲಿ ಶೇ. 1.2ರಷ್ಟು ಜನರ ಪಾವತಿಗೆ ಸಂಬಂಧಿಸಿದ ಕೆಲವು ವಿವರಗಳೂ ಬೇರೆಯವರಿಗೆ ಕಂಡಿರಬಹುದು ಅಂತ ಕಂಪನಿಯೇ ಹೇಳಿತು. ಕಾರಣ? ರೆಡಿಸ್ ಎಂಬ ನೆನಪಿನ ಉಗ್ರಾಣದ ಜೊತೆ ಮಾತಾಡುವ ಲೈಬ್ರರಿಯಲ್ಲಿನ ದೋಷ. ಅರ್ಧಕ್ಕೆ ಕೈಬಿಟ್ಟ ಪ್ರಶ್ನೆಯ ಉತ್ತರ ಸಂಪರ್ಕದಲ್ಲೇ ಉಳಿದು, ಅದೇ ಸಂಪರ್ಕ ಸಿಕ್ಕ ಮುಂದಿನವರ ಪಾಲಾಯಿತು. ತೊಳೆಯದ ತಟ್ಟೆ!

ಕ್ಲೌಡ್‌ನ ಈಗಿನ ಫಂಕ್ಷನ್‌ಗಳ ಕಥೆಯೂ ಅದೇ. 2014ರಲ್ಲಿ ಅಮೆಜಾನ್ ಲ್ಯಾಂಬ್ಡಾ ಘೋಷಿಸಿದಾಗಿನಿಂದ "ಸರ್ವರೇ ಇಲ್ಲ, ಕೇಳಿದಾಗ ಓಡುತ್ತೆ" ಅಂತ ಕೇಳಿ ಎಳೆಯರು ಇದು ಬಾಳೆಲೆ ಅಂತಲೇ ತಿಳಿಯುತ್ತಾರೆ. ನಿಜವಾಗಿ, ವೇಗಕ್ಕಾಗಿ ಒಮ್ಮೆ ಎದ್ದ ಪರಿಸರವನ್ನು ಮುಂದಿನ ಕರೆಗೂ ಬಳಸುತ್ತಾರೆ. ಫಂಕ್ಷನ್ನಿನ ಹೊರಗಿಟ್ಟ ವೇರಿಯಬಲ್ ಉಳಿದಿರುತ್ತದೆ. ದಾವಣಗೆರೆಯ ಹುಡುಗನ ತಂಡದವರೂ ಗ್ರಾಹಕನ ಹೆಸರನ್ನು ಹೊರಗೇ ಇಟ್ಟಿದ್ದರಂತೆ.

"ಯಾರು ಬರೆದದ್ದು ಆ ಕೋಡು?" ಅಂತ ಕೇಳಿದೆ.

"ಹೊಸ ಹುಡುಗಿ ಸಾರ್. ಸೇರಿ ಎರಡು ತಿಂಗಳು. ಅಳ್ತಾ ಕೂತಿದ್ಲು."

"ನೀನೇನಂದೆ?"

"ನೀವಂದಿದ್ದೇ ಅಂದೆ ಸಾರ್. ಮೀಟಿಂಗಿನಾಗ, ಎಲ್ಲರ ಮುಂದೆ."

ಅಷ್ಟು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ, ಎದ್ದು ಇದನ್ನು ಬರೆಯತೊಡಗಿದೆ.

ನಿಮ್ಮಲ್ಲೂ ಇಂಥ ಹಳೆಯ ದೆವ್ವಗಳ ಕಥೆ ಇದ್ದರೆ ಕಾಮೆಂಟಿನಲ್ಲಿ ಹೇಳಿ, ಇಲ್ಲಾ ನಿಮ್ಮ ಬ್ಲಾಗಿನಲ್ಲೇ ಬರೆದು ಕೊಂಡಿ ಕೊಡಿ. ಈ ಕಥೆಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ, ಕನ್ನಡದಲ್ಲೂ ನಾಲ್ಕು ಇರಲಿ. ಏನಂತೀರಿ?